ಅಬೀಶ ಹೊತ್ತುಕೊಂಡ ಸುಳ್ಳು

ಜಯಣ್ಣ ಲೀಡ್ಸಿಗೆ ಬಂದ ಮೊದಲ ತಿಂಗಳಲ್ಲೇ ಒಂದು ಸುಳ್ಳು ಹೇಳಿದ್ದ. ಅದು ಒಂದೇ ಪದದ ಸುಳ್ಳು.

ಆಗ 1998ರ ಜನವರಿ, ಇಂಗ್ಲೆಂಡಿನ ಚಳಿಗಾಲ. ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆಂದು ಬಂದವನಿಗೆ ಹೆಡಿಂಗ್ಲೀಯ ಸಾಲುಮನೆಯೊಂದರಲ್ಲಿ ಬಾಡಿಗೆಗೆ ಜಾಗ ಸಿಕ್ಕಿತ್ತು. ಹೆಂಡತಿ ವಸುಂಧರಾ, ಅವನು, ಒಂದು ಹೀಟರು. ಊರಲ್ಲಿ ಪರಿಚಯದವರು ಅಂತ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಸದಾಗಿ ಕನ್ನಡದ ದಂಪತಿ ಬಂದಿದ್ದಾರೆ ಎಂಬ ಸುದ್ದಿ ಹೇಗೋ ಡಾಕ್ಟರ್ ಶ್ರೀರಂಗರ ಕಿವಿಗೆ ಬಿತ್ತು. ಇಪ್ಪತ್ತು ವರ್ಷದಿಂದ ಅಲ್ಲಿ ಜಿಪಿ, ಅಂದರೆ ಬಡಾವಣೆಯ ವೈದ್ಯರು, ಆಗಿದ್ದವರು, ಮೈಸೂರಿನವರು. ತಾವೇ ಕಾರು ತಂದು ಇಬ್ಬರನ್ನೂ ಆಲ್‌ವುಡ್ಲಿಯ ತಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಅವರ ಹೆಂಡತಿ ವಾಸಂತಿ ಬಿಸಿ ಅನ್ನದ ಮೇಲೆ ತುಪ್ಪ ಹಾಕುತ್ತ, ತೀರಾ ಸಹಜವಾಗಿ ಕೇಳಿದರು.

“ನೀವು ತಿನ್ನೋರಲ್ಲ ತಾನೆ?”

“ಇಲ್ಲ” ಅಂದ ಜಯಣ್ಣ.

ಯಾಕೆ ಹಾಗಂದ ಎಂದು ಅವನನ್ನೇ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ತುಪ್ಪದ ಚಮಚ ಗಾಳಿಯಲ್ಲಿ ನಿಂತಿತ್ತು. ಹೊರಗೆ ಹಿಮ ಬೀಳುತ್ತಿತ್ತು. ಮೂರು ವಾರದ ನಂತರ ಮೊದಲ ಸಲ ಬೇರೆಯವರ ಬಾಯಲ್ಲಿ ಕನ್ನಡ ಕೇಳಿಸಿತ್ತು. ‘ತಿನ್ನುತ್ತೇವೆ’ ಅಂದರೆ ಮುಂದಿನ ಪ್ರಶ್ನೆ ಯಾವುದು ಅಂತ ಅವನಿಗೆ ಗೊತ್ತಿತ್ತು. ಹಿರಿಯೂರಿನ ಹಾಸ್ಟೆಲಿನಿಂದ ಹಿಡಿದು ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿನವರೆಗೆ ಅದನ್ನು ಕೇಳಿ ಕೇಳಿ ಸಾಕಾಗಿತ್ತು. ಇಲ್ಲಾದರೂ ಬೇಡ ಅನ್ನಿಸಿತು.

ಒಂದು ‘ಇಲ್ಲ’ ಮೂರು ವರ್ಷ ಬೆಳೆಯಿತು. ಭಾನುವಾರ ಮನೆಯಲ್ಲಿ ಮಾಂಸದ ಸಾರು ಕುದಿಯುವಾಗ ಕಿಟಕಿಗಳೆಲ್ಲ ತೆರೆದಿರುತ್ತಿದ್ದವು. ಶ್ರೀರಂಗರು ಬರುತ್ತೇನೆಂದು ಫೋನ್ ಮಾಡಿದರೆ ವಸುಂಧರಾ ಪಾತ್ರೆಯನ್ನು ಹಿತ್ತಲ ಶೆಡ್ಡಿನಲ್ಲಿಟ್ಟು ಊದುಬತ್ತಿ ಹಚ್ಚುತ್ತಿದ್ದಳು. ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

2000ದ ಶರತ್ಕಾಲದಲ್ಲಿ ಜಯಣ್ಣನ ತಂಡಕ್ಕೆ ಅಬೀಶ ಬಂದು ಸೇರಿದ. ಟೆಲ್ ಅವೀವ್ ಪಕ್ಕದ ಹೋಲೋನ್ ಎಂಬ ಊರಿನವನು, ಒಂಬತ್ತು ತಿಂಗಳ ಗುತ್ತಿಗೆಯ ಮೇಲೆ ಬಂದಿದ್ದ. ಎತ್ತರದ ಆಳು, ಸಣ್ಣ ದನಿ. ಕ್ಯಾಂಟೀನಿನಲ್ಲಿ ಇಬ್ಬರ ತಟ್ಟೆಯಲ್ಲೂ ದಿನಾ ಅದೇ ಬೇಯಿಸಿದ ಆಲೂಗಡ್ಡೆ, ಅದೇ ಬೀನ್ಸ್. ಶ್ರೀರಂಗರ ಬಳಗದ ಮಿಥುನ್ ಅದೇ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದುದರಿಂದ ಜಯಣ್ಣನಿಗೆ ಬೇರೆ ದಾರಿ ಇರಲಿಲ್ಲ. ಅಬೀಶನದು ಬೇರೆ ಕಾರಣ.

“ನಮ್ಮವರು ಕೊಯ್ದ ಮಾಂಸ ಬಿಟ್ಟು ಬೇರೆ ತಿನ್ನುವ ಹಾಗಿಲ್ಲ. ನಾನು ಸಮಾರಿಟನ್” ಅಂದ ಅವನು.

ಇಂಗ್ಲೆಂಡಿನಲ್ಲಿ ಆ ಹೆಸರಿನದೊಂದು ಸೇವಾಸಂಸ್ಥೆ ಇದೆ. ಬದುಕು ಬೇಸತ್ತವರು ಫೋನ್ ಮಾಡಿದರೆ ಅವರ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆ. ಜಯಣ್ಣ ಅದೇ ಎಂದುಕೊಂಡು, “ಒಳ್ಳೇ ಕೆಲಸ. ವಾರಕ್ಕೆ ಎಷ್ಟು ಗಂಟೆ ಫೋನಿನ ಹತ್ತಿರ ಕೂರಬೇಕು?” ಎಂದು ಕೇಳಿಬಿಟ್ಟ.

ಅಬೀಶ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಸಮಾಧಾನವಾಗಿ ವಿವರಿಸಿದ. ಇಡೀ ಲೋಕದಲ್ಲಿ ಅವನ ಜನ ಆರುನೂರೈವತ್ತು. ಅರ್ಧ ಜನ ಹೋಲೋನಿನಲ್ಲಿ, ಇನ್ನರ್ಧ ಅರಬ್ಬರ ನಾಬ್ಲುಸ್ ಊರಿನ ಮೇಲಿರುವ ಗೆರಿಜಿಮ್ ಬೆಟ್ಟದಲ್ಲಿ. ಪ್ರವಾದಿ ಮೋಶೆಯ ಐದು ಗ್ರಂಥ ಬಿಟ್ಟು ಬೇರೆ ಯಾವುದನ್ನೂ ಅವರು ಶಾಸ್ತ್ರವೆಂದು ಒಪ್ಪುವುದಿಲ್ಲ. ದೇವರು ಆರಿಸಿದ ಜಾಗ ಜೆರೂಸಲೇಮ್ ಅಲ್ಲ, ತಮ್ಮ ಬೆಟ್ಟ ಎನ್ನುತ್ತಾರೆ.

“ಹಾಗಾದ್ರೆ ನೀವು ಯಹೂದಿಗಳಲ್ಲಿ ಒಂದು ಪಂಗಡ” ಅಂದ ಜಯಣ್ಣ.

“ಅಲ್ಲ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅವರೂ ಇಸ್ರಾಯೇಲಿನ ಮಕ್ಕಳು, ನಾವೂ ಇಸ್ರಾಯೇಲಿನ ಮಕ್ಕಳು. ಅವರು ದೇಶ ಬಿಟ್ಟು ಬಾಬಿಲೋನಿಗೆ ಹೋಗಿ ಬಂದರು. ನಾವು ಎಲ್ಲಿಗೂ ಹೋಗಲಿಲ್ಲ. ನಮ್ಮನ್ನು ನಾವು ಶಾಮೆರಿಮ್ ಎಂದು ಕರೆದುಕೊಳ್ಳುತ್ತೇವೆ. ಕಾಯುವವರು ಎಂದು ಅರ್ಥ.”

ಜಯಣ್ಣನ ಬಾಯಿಂದ ಮಾತು ತಾನೇ ಜಾರಿತು. “ನಮ್ಮವರೂ ಕಾಯೋರೇ. ಕುರಿ ಕಾಯೋರು.”

ಹಾಗೆ, ಸುಮಾರು ಮೂರು ವರ್ಷ ಯಾರಿಗೂ ಹೇಳದ್ದನ್ನು ಅವನು ಆ ಪರದೇಶಿಗೆ ಹೇಳಿದ. ತಾತ ಬಸಪ್ಪ, ಬೀರಪ್ಪ ದೇವರ ಪೂಜಾರಿ. ಮುನ್ನೂರು ಕುರಿಯ ಹಿಂಡಿನಲ್ಲಿ ಒಂದು ತಪ್ಪಿದರೂ ಎಣಿಸದೆಯೇ ಗುರುತು ಹಿಡಿಯುತ್ತಿದ್ದರು. ವರ್ಷಕ್ಕೊಮ್ಮೆ ಗುಡಿಯ ಮುಂದೆ ಮರಿ ಕುಯ್ದು, ಎಲ್ಲ ಮನೆಗೂ ಪಾಲು ಕಳಿಸಿ, ಕಂಬಳಿ ಹಾಸಿ ಕೂತು ಉಣ್ಣುತ್ತಿದ್ದರು. ಅಬೀಶ ಚಮಚ ಕೆಳಗಿಟ್ಟು ಕೇಳುತ್ತಿದ್ದ. “ಮರಿಗೆ ಒಂದು ವರ್ಷ ತುಂಬಿರಬೇಕಾ? ಕಲೆ ಇರಬಾರದಾ? ಉಳಿದದ್ದನ್ನು ಏನು ಮಾಡುತ್ತೀರಿ?” ಎಂದೆಲ್ಲ ಕೇಳಿದ. ಅಷ್ಟು ಮರ್ಯಾದೆಯಿಂದ ಆ ಪ್ರಶ್ನೆಗಳನ್ನು ಜಯಣ್ಣನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅವತ್ತಿನಿಂದ ಇಬ್ಬರೂ ಗೆಳೆಯರಾದರು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಅವರಿಗೆ ಕೆಲಸ ನಿಷಿದ್ಧ, ಅಷ್ಟರೊಳಗೆ ಅಬೀಶ ಕೋಣೆ ಸೇರಬೇಕಿತ್ತು. ಅವನ ಉಳಿದ ಕೆಲಸವನ್ನು ಜಯಣ್ಣ ಮುಗಿಸಿಕೊಡುತ್ತಿದ್ದ.

2001ರ ವಸಂತದಲ್ಲಿ ಇಂಗ್ಲೆಂಡಿನ ಕುರಿ ದನಗಳಿಗೆ ಕಾಲುಬಾಯಿ ಜ್ವರ ಬಂತು. ಟಿವಿಯಲ್ಲಿ ದಿನಾ ಅದೇ: ಕಂಬ್ರಿಯಾದ ಹೊಲಗಳಲ್ಲಿ ಕೊಂದ ಕುರಿಗಳ ರಾಶಿ, ಬೆಂಕಿ, ಆಕಾಶ ತುಂಬ ಕಪ್ಪು ಹೊಗೆ. ಜಯಣ್ಣ ಚಾನೆಲ್ ಬದಲಿಸುತ್ತಿದ್ದ.

ಯುಗಾದಿ ಕಳೆದ ಭಾನುವಾರ ಶ್ರೀರಂಗರ ಮನೆಯಲ್ಲಿ ಹಬ್ಬದೂಟ. “ನಿಮ್ಮ ಆಫೀಸಿನ ಆ ಇಸ್ರೇಲಿ ಹುಡುಗನ್ನೂ ಕರ್ಕೊಂಡ್ ಬನ್ನಿ ಜಯಣ್ಣ. ನಮ್ಮ ಪಕ್ಕದ ಮನೆ ಲೆಸ್ಲಿ ಇದಾರಲ್ಲ, ಅವರೂ ಯಹೂದಿ. ಇಬ್ರಿಗೂ ಖುಷಿಯಾಗುತ್ತೆ” ಎಂದರು ಶ್ರೀರಂಗ. ಅಬೀಶ ಯಹೂದಿಯಲ್ಲ ಎಂದು ಜಯಣ್ಣ ಹೇಳಹೊರಟ. ಫೋನಿನಲ್ಲಿ ಅಷ್ಟೆಲ್ಲ ಯಾಕೆ ಎಂದು ಬಿಟ್ಟ.

ಊಟಕ್ಕೆ ಹತ್ತು ಹನ್ನೆರಡು ಜನ ಸೇರಿದ್ದರು. ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ. ಡಾಕ್ಟರ್ ಲೆಸ್ಲಿ ಎಪ್ಪತ್ತು ದಾಟಿದ ನಿವೃತ್ತ ವೈದ್ಯರು. ಅಬೀಶ ತಾನು ಯಾರೆಂದು ಹೇಳುತ್ತಲೇ ಅವರ ಹುಬ್ಬು ಮೇಲೇರಿತು.

“ನಿಜವಾಗಿ? ನಿಮ್ಮನ್ನು ಕಣ್ಣಾರೆ ನೋಡುತ್ತೇನೆ ಎಂದುಕೊಂಡಿರಲಿಲ್ಲ. ನಮ್ಮ ಹಳೆಯ ಪುಸ್ತಕಗಳಲ್ಲಿ ನಿಮ್ಮನ್ನು ಕೂಥಿಗಳು ಅನ್ನುತ್ತಾರೆ, ಗೊತ್ತಲ್ಲ? ಅಸ್ಸೀರಿಯದ ರಾಜ ಎಲ್ಲಿಂದಲೋ ತಂದು ತುಂಬಿಸಿದ ಜನ. ಸಿಂಹಗಳು ಹಿಡಿದು ತಿನ್ನತೊಡಗಿದಾಗ ಹೆದರಿ ನಮ್ಮ ದೇವರನ್ನು ನಂಬಿದರು ಅಂತ.” ಮುದುಕರು ಹಗುರವಾಗಿಯೇ ಹೇಳಿದರು. ಪಾಠ ಒಪ್ಪಿಸುವ ಹುಡುಗನ ಉತ್ಸಾಹವಿತ್ತು ಅದರಲ್ಲಿ.

“ಗೊತ್ತು. ನಮ್ಮ ಪುಸ್ತಕಗಳಲ್ಲಿ ನೀವು ಬೆಟ್ಟ ಬಿಟ್ಟು ದಾರಿ ತಪ್ಪಿದವರು” ಅಂದ ಅಬೀಶ.

ಎಲ್ಲರೂ ನಕ್ಕರು. ಲೆಸ್ಲಿಯೂ ನಕ್ಕರು. ಅಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಯಾರೋ ಕಾಲುಬಾಯಿ ಜ್ವರದ ಮಾತೆತ್ತಿದರು. ಕುರಿಗಳನ್ನು ಹಾಗೆ ಸುಡುವುದನ್ನು ನೋಡಲಾಗುವುದಿಲ್ಲ ಎಂದರು ವಾಸಂತಿ.

“ನನಗೂ ಅಷ್ಟೇ. ನಮ್ಮ ಹಬ್ಬ ಇನ್ನೇನು ಬಂತು. ಅದಕ್ಕೇ ಊರಿಗೆ ಹೊರಟಿದ್ದೇನೆ. ಕುರಿಯನ್ನು ಹೀಗೆ ಕೊಲ್ಲುವುದು ನೋಡಿದರೆ ಪಾಪ ಅನ್ನಿಸುತ್ತದೆ” ಎಂದ ಅಬೀಶ.

“ಹಬ್ಬಕ್ಕೂ ಕುರಿಗೂ ಏನು ಸಂಬಂಧ?” ಎಂದು ಕೇಳಿದರು ಶ್ರೀರಂಗ.

ಅಬೀಶ ಹೇಳಿದ. ಬಿಳಿ ಬಟ್ಟೆಯುಟ್ಟು ಇಡೀ ಜನ ಬೆಟ್ಟದ ಮೇಲೆ ಸೇರುವುದು. ಸೂರ್ಯ ಮುಳುಗುವ ಗಳಿಗೆಗೆ ಮಹಾಪುರೋಹಿತ ಗ್ರಂಥ ಓದುವುದು, ಅದೇ ಗಳಿಗೆಗೆ ಒಂದೊಂದು ಮನೆತನದ ಕುರಿಯನ್ನೂ ಕೊಯ್ಯುವುದು, ಅದರ ರಕ್ತವನ್ನು ಮಕ್ಕಳ ಹಣೆಗೆ ಇಡುವುದು. ನೆಲದೊಳಗಿನ ಬೆಂಕಿಯ ಗುಂಡಿಯಲ್ಲಿ ಬೇಯಿಸಿ, ಕಹಿಸೊಪ್ಪಿನ ಜೊತೆ ಅವಸರದಲ್ಲಿ ತಿಂದು, ಉಳಿದದ್ದನ್ನು ಬೆಳಗಾಗುವ ಮೊದಲೇ ಸುಟ್ಟುಬಿಡುವುದು. ಯಹೂದಿಗಳು ಅವರ ದೇವಾಲಯ ಬಿದ್ದ ಮೇಲೆ ಇದನ್ನು ನಿಲ್ಲಿಸಿದರು, ತಾವು ನಿಲ್ಲಿಸಲಿಲ್ಲ. ಹೇಳುತ್ತ ಹೇಳುತ್ತ ಅವನ ಮುಖ ಬೆಳಗಿತ್ತು. ಅವನು ಯಾರ ಮುಖವನ್ನೂ ಗಮನಿಸಲಿಲ್ಲ. ವಾಸಂತಿ ಒಬ್ಬಟ್ಟಿನ ತಟ್ಟೆಯನ್ನು ದೂರಕ್ಕೆ ಸರಿಸಿದರು. ಮಿಥುನ್ ಕರವಸ್ತ್ರ ಬಾಯಿಗೆ ಒತ್ತಿಕೊಂಡ.

ಶ್ರೀರಂಗರು ಕನ್ನಡಕ್ಕೆ ತಿರುಗಿಕೊಂಡರು. “ಪುಣ್ಯಾತ್ಮ, ಊಟದ ಹೊತ್ತಲ್ಲಿ! ನಮ್ಮ ಕಡೆ ಕುರುಬರ ಹಟ್ಟೀಲೂ ಇಷ್ಟು ರಕ್ತ ಹರಿಸೋಲ್ಲ ಕಣ್ರಯ್ಯ. ಜಯಣ್ಣ, ಎಂಥೋನನ್ನ ಕರ್ಕೊಂಡ್ ಬಂದ್ರಿ!”

ಮೇಜಿನ ಸುತ್ತ ನಗು ಹರಿಯಿತು. ಜಯಣ್ಣನೂ ನಕ್ಕ. ಆ ನಗು ತನ್ನ ಗಂಟಲಿನಿಂದಲೇ ಬಂತು ಎನ್ನುವುದು ಅವನ ಕಿವಿಗೇ ಮೊದಲು ತಿಳಿದಿದ್ದು. ಎದುರಿಗೆ ಕೂತಿದ್ದ ವಸುಂಧರಾ ತಲೆ ತಗ್ಗಿಸಿಕೊಂಡು ಎಲೆಯ ಮೇಲಿನ ಅನ್ನವನ್ನೇ ನೋಡುತ್ತಿದ್ದಳು.

ಅಬೀಶನಿಗೆ ಮಾತು ತಿಳಿಯದಿದ್ದರೂ ನಗು ತಿಳಿಯಿತು. ಗೆಳೆಯನ ಕಡೆ ತಿರುಗಿದ, ನೆರವಿಗೆ ಬಾ ಎನ್ನುವಂತೆ. “ಜಯಣ್ಣನಿಗೆ ಗೊತ್ತು ಇದು. ಇವನ ತಾತನೂ ಪುರೋಹಿತರೇ ಅಲ್ಲವೇ? ಗುಡಿಯ ಮುಂದೆ ವರ್ಷ ವರ್ಷ ಮರಿ ಕೊಯ್ಯುತ್ತಿದ್ದರಂತೆ. ಹೇಳು ಜಯಣ್ಣ, ನೀನು ನನಗೆ ಹೇಳಿದ ಹಾಗೇ ಹೇಳು.”

ಮೇಜಿನ ಸುತ್ತಲ ಮುಖಗಳು ಜಯಣ್ಣನ ಕಡೆ ತಿರುಗಿದವು.

“ಇಲ್ಲ ಇಲ್ಲ” ಅಂದ ಜಯಣ್ಣ, ಇಂಗ್ಲಿಷಿನಲ್ಲಿ, ಬೇಕಾದ್ದಕ್ಕಿಂತ ಜೋರಾಗಿ. “ನೀನು ತಪ್ಪು ತಿಳಿದುಕೊಂಡಿದ್ದೀಯ. ಅದು ನಮ್ಮ ಊರ ಪಕ್ಕದ ಬೇರೆ ಜನ. ಕುರಿ ಕಾಯೋ ಜನ. ಅವರ ವಿಷಯ ಹೇಳಿದ್ದೆ ನಾನು. ನಮ್ಮ ತಾತ ಅಲ್ಲ.”

ಅಬೀಶ ಅವನನ್ನೇ ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಮೊದಲು ಗೊಂದಲ, ಆಮೇಲೆ ಎಲ್ಲ ಅರ್ಥವಾದವನ ನಿಚ್ಚಳತೆ. ಅವನು ಶ್ರೀರಂಗರ ಕಡೆ ತಿರುಗಿ ಮೆಲ್ಲನೆ ತಲೆಬಾಗಿದ.

“ಕ್ಷಮಿಸಿ. ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ. ನಾನೇ ತಪ್ಪು ಕೇಳಿಸಿಕೊಂಡೆ.”

ಅವನ ಇಂಗ್ಲಿಷ್ ಆ ಮೇಜಿನ ಸುತ್ತ ಇದ್ದ ಯಾರದಕ್ಕೂ ಕಡಿಮೆಯಿರಲಿಲ್ಲ.

ಅಬೀಶನನ್ನು ಅವನ ಕೋಣೆಗೆ ಬಿಟ್ಟು ಗಂಡ ಹೆಂಡತಿ ಮನೆಗೆ ಬಂದರು. ಕಾರು ನಿಂತ ಮೇಲೆ ವಸುಂಧರಾ ಬೆಲ್ಟು ಬಿಚ್ಚದೆ ಕೂತೇ ಇದ್ದಳು.

“ತಿನ್ನಲ್ಲ ಅಂದ್ರಿ, ಸರಿ ಅಂತ ಸುಮ್ಮನಿದ್ದೆ. ಮೂರು ವರ್ಷ ಶೆಡ್ಡಲ್ಲಿ ಪಾತ್ರೆ ಇಟ್ಟೆ. ಇವತ್ತು ತಾತನ್ನೇ ಯಾರೋ ಬೇರೇರು ಅಂದ್ರಲ್ಲ.”

“ಅಷ್ಟು ಜನರ ಮುಂದೆ ಏನ್ ಹೇಳ್ಬೇಕಿತ್ತು ವಸು?”

“ಏನೂ ಹೇಳ್ಬೇಡಿ. ಆ ಹುಡುಗ ನಿಮ್ಮ ಮರ್ಯಾದೆ ಉಳ್ಸೋಕೆ ತನ್ನ ಮಾತು ತಾನೇ ನುಂಗ್ದ. ಅದನ್ನ ಹೆಂಗ್ ತೀರಿಸ್ತೀರೋ ನೋಡಿ.”

ಅವಳು ಇಳಿದು ಒಳಗೆ ಹೋದಳು. ಜಯಣ್ಣ ಸ್ಟಿಯರಿಂಗ್ ಹಿಡಿದುಕೊಂಡು ಕೂತೇ ಇದ್ದ. ತಾತ ಸತ್ತು ಹದಿನೈದು ವರ್ಷವಾಗಿತ್ತು. ಆ ಮುದುಕನ ಹೆಗಲ ಕಂಬಳಿಯ ವಾಸನೆ, ಒರಟು ಅಂಗೈ, ಹಾಸ್ಟೆಲಿಗೆ ಸೇರಿಸುವ ದಿನ ಬಸ್‌ಸ್ಟ್ಯಾಂಡಿನವರೆಗೂ ಟ್ರಂಕನ್ನು ತಲೆಯ ಮೇಲೆ ಹೊತ್ತು ತಂದದ್ದು, ಎಲ್ಲವೂ ಒಟ್ಟಿಗೇ ನೆನಪಾಯಿತು. ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡು ಬೇರೆ ಕಡೆ ನೋಡಿದ.

ಆಫೀಸಿನಲ್ಲಿ ಅಬೀಶ ಮೊದಲಿನ ಹಾಗೆಯೇ ಇದ್ದ. ಬೆಳಿಗ್ಗೆ ನಮಸ್ಕಾರ, ಮಧ್ಯಾಹ್ನ ಅದೇ ಮೇಜು. ಆದರೆ ಊರಿನ ಮಾತು, ಕುರಿಯ ಮಾತು ಎತ್ತಲಿಲ್ಲ. ಹವಾಮಾನದ ಬಗ್ಗೆ ಮಾತಾಡಿದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಜಯಣ್ಣನಿಗೆ.

ಊರಿಗೆ ಹೊರಡುವ ದಿನ ಅಬೀಶನಿಗೆ ಮ್ಯಾಂಚೆಸ್ಟರಿನ ಹಳೆಯ ಗ್ರಂಥಾಲಯವೊಂದರಲ್ಲಿ ಕೆಲಸವಿತ್ತು. ಅವನ ಜನರ ಹಸ್ತಪ್ರತಿಗಳು ಎಂದೋ ಕೈಯಿಂದ ಕೈಗೆ ಮಾರಾಟವಾಗಿ ಅಲ್ಲಿ ಸೇರಿದ್ದವು. ಅವನ್ನು ನೋಡಿಕೊಂಡು ಸಂಜೆ ಅಲ್ಲಿಂದಲೇ ವಿಮಾನ ಹತ್ತುವವನಿದ್ದ. ಕರೆದುಕೊಂಡು ಹೋಗುತ್ತೇನೆ ಎಂದು ಜಯಣ್ಣ ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದ. ರಜೆ ಹಾಕಿ ಹೊರಟ. ಹೆದ್ದಾರಿಯ ಇಕ್ಕೆಲದ ಗುಡ್ಡಗಳು ಬರಿದಾಗಿದ್ದವು. ಹೊಲಗಳ ಗೇಟಿಗೆ ‘ಪ್ರವೇಶವಿಲ್ಲ’ ಎಂಬ ಹಲಗೆ, ಕೆಳಗೆ ರೋಗ ಹರಡದಂತೆ ಔಷಧಿಯಲ್ಲಿ ನೆನೆಸಿದ ಹುಲ್ಲಿನ ಚಾಪೆ. ಕ್ಷಮೆ ಕೇಳಬೇಕೆಂದು ಜಯಣ್ಣ ನಾಲ್ಕು ಸಲ ಬಾಯಿ ತೆರೆದ. ನಾಲ್ಕು ಸಲವೂ ದಾರಿಯ ಬಗ್ಗೆ ಏನೋ ಹೇಳಿ ಮುಚ್ಚಿದ.

ಗ್ರಂಥಾಲಯದಲ್ಲಿ ಚೀಲ ಹೊರಗಿಡಿಸಿದರು. ದಿಂಬಿನ ಮೇಲೆ ಗ್ರಂಥವನ್ನು ತಂದು ಇಟ್ಟವರು ಮೆಲ್ಲನೆ ಪುಟ ತೆರೆದರು. ಕಂದು ಬಣ್ಣದ ತೊಗಲು, ಅದರ ಮೇಲೆ ಕತ್ತಿಯಿಂದ ಕೆತ್ತಿದಂಥ ಅಕ್ಷರಗಳು.

“ಯಹೂದಿಗಳ ಅಕ್ಷರ ಚೌಕ. ಬಾಬಿಲೋನಿನಿಂದ ಬರುವಾಗ ತಂದದ್ದು. ಇದು ಅದಕ್ಕಿಂತ ಹಳೆಯದು. ಈಗ ಇದನ್ನು ಬರೆಯುವವರು ನಾವು ಮಾತ್ರ” ಎಂದು ಪಿಸುಗುಟ್ಟಿದ ಅಬೀಶ. ಪುಟದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಸಣ್ಣ ಸಂದು ಬಿಟ್ಟಿತ್ತು. ಸಾಲಿನ ಒಂದೊಂದು ಅಕ್ಷರ ಆ ಸಂದಿಯಲ್ಲಿ ಒಂಟಿಯಾಗಿ ನಿಂತಿತ್ತು. ಅಬೀಶ ತೊಗಲನ್ನು ಮುಟ್ಟದೆ ಬೆರಳನ್ನು ಗಾಳಿಯಲ್ಲೇ ಕೆಳಕ್ಕೆ ಇಳಿಸಿದ. “ಇದನ್ನು ಬರೆದವನು ಶಾಸ್ತ್ರಕ್ಕೆ ಒಂದು ಅಕ್ಷರವನ್ನೂ ಸೇರಿಸುವ ಹಾಗಿಲ್ಲ. ಅದಕ್ಕೆ ಶಾಸ್ತ್ರದ ಅಕ್ಷರಗಳನ್ನೇ ಆರಿಸಿ ಹೀಗೆ ನಿಲ್ಲಿಸಿದ್ದಾನೆ. ಕೆಳಗೆ ಓದುತ್ತ ಹೋದರೆ ನಾನು ಇಂಥವನು, ಇಂಥವನ ಮಗ, ಇಂಥವನ ಮೊಮ್ಮಗ ಅಂತ ಬರುತ್ತದೆ.”

ಜಯಣ್ಣನಿಗೆ ತಡೆಯಲಾಗಲಿಲ್ಲ. “ಅಬೀಶ, ಅವತ್ತು ನಾನು…”

“ಇಲ್ಲಿ ಬೇಡ” ಅಂದ ಅಬೀಶ.

ಹೊರಗೆ ಮೆಟ್ಟಿಲ ಮೇಲೆ ನಿಂತಾಗ ಅವನೇ ಮಾತು ಶುರು ಮಾಡಿದ. “ಹೋಲೋನಿನ ಶಾಲೆಯಲ್ಲಿ ಹುಡುಗರು ಕೇಳುತ್ತಿದ್ದರು, ನೀನು ಯಹೂದಿಯೇ ಅಂತ. ಹೌದು ಅನ್ನುತ್ತಿದ್ದೆ. ಅಲ್ಲ ಅಂದರೆ ಅರಬ್ಬನಾ ಅಂತ ಕೇಳುತ್ತಾರೆ. ಅದೂ ಅಲ್ಲ ಅಂದರೆ ಮತ್ತೆ ಏನು ಅಂತ ಹೊಡೆಯುತ್ತಾರೆ. ಎರಡು ವರ್ಷ ಹೌದು ಹೌದು ಅಂತಲೇ ಕಳೆದೆ. ಒಂದು ದಿನ ಅಪ್ಪ ನಮ್ಮ ಕೆಂಪು ಟೋಪಿ, ಉದ್ದ ನಿಲುವಂಗಿ ತೊಟ್ಟು ಶಾಲೆಯ ಬಾಗಿಲಿಗೆ ಬಂದ. ಇವನು ಯಾರು ಅಂತ ಹುಡುಗರು ಕೇಳಿದರು. ಗೊತ್ತಿಲ್ಲ ಅಂದೆ. ಅಪ್ಪನಿಗೆ ಕೇಳಿಸಿತು.” ಅವನು ಚೀಲವನ್ನು ಹೆಗಲಿಗೇರಿಸಿಕೊಂಡ. “ಅದಕ್ಕೇ ಅವತ್ತು ಮೇಜಿನ ಹತ್ತಿರ ನಿನ್ನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು.”

“ಹಾಗಾದ್ರೆ ನಿನಗೆ ಗೊತ್ತು, ಹೇಗಿರುತ್ತೆ ಅಂತ” ಎಂದ ಜಯಣ್ಣ, ಆಸೆಯಿಂದ.

“ಗೊತ್ತು. ನನಗೆ ಆಗ ಒಂಬತ್ತು ವರ್ಷ.”

ಜಯಣ್ಣನಿಗೆ ಈಗ ಮೂವತ್ತಾರು.

ವಿಮಾನ ನಿಲ್ದಾಣದಲ್ಲಿ ಅಬೀಶ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ವಿದಾಯ ಹೇಳಿದ. ಜಯಣ್ಣ ವಾಪಸು ಹೊರಟವನು ಹೆಡಿಂಗ್ಲೀಗೆ ಹೋಗದೆ ಸೀದಾ ಆಲ್‌ವುಡ್ಲಿಗೆ ಕಾರು ತಿರುಗಿಸಿದ. ಸಂಜೆಯ ಬಿಸಿಲಿತ್ತು. ಶ್ರೀರಂಗರು ತೋಟದಲ್ಲಿ ಗುಲಾಬಿ ಗಿಡದ ಬುಡ ಕೆದಕುತ್ತಿದ್ದರು, ವಾಸಂತಿ ಕಾಫಿ ತಂದಿಟ್ಟರು. ಅವನು ಕೂರಲಿಲ್ಲ.

“ಸರ್, ಒಂದು ಮಾತು ಹೇಳ್ಬೇಕಿತ್ತು. ಅವತ್ತು ಅಬೀಶ ಹೇಳಿದ್ದು ಸರಿ. ತಾತನ ವಿಷಯ. ನಾವು ಕುರುಬರು. ಮೂರು ವರ್ಷದ ಹಿಂದೆ ಮೇಡಂ ಕೇಳಿದಾಗ ನಾನು ಹೇಳಿದ್ದೂ ಸುಳ್ಳು.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಸಂತಿಯೇ ಬಾಯಿ ಬಿಟ್ಟರು. “ಅಯ್ಯೋ, ನಮಗೆ ಗೊತ್ತಿತ್ತಲ್ಲ ಜಯಣ್ಣ. ಮೊದಲನೇ ವರ್ಷವೇ ಗೊತ್ತಾಯ್ತು. ನಿಮ್ಮನೆ ಶೆಡ್ ಹತ್ರ ಬಂದ್ರೆ ವಾಸನೆ ಬರಲ್ವಾ? ನಿಮಗೆ ಸಂಕೋಚ ಆಗ್ಬಾರ್ದು ಅಂತ ನಾವೂ ಸುಮ್ಮನಿದ್ವಿ.”

ಜಯಣ್ಣ ಒಂದೊಂದನ್ನೇ ಹಿಂದಕ್ಕೆ ಎಣಿಸಿದ. ಇವರಿಗೆ ಗೊತ್ತಿತ್ತು. ಮಿಥುನ್‌ಗೂ ಗೊತ್ತಿರಬೇಕು. ಹಬ್ಬದ ಮೇಜಿನ ಸುತ್ತ ಕೂತವರಲ್ಲಿ ಎಷ್ಟೋ ಜನ, ಅವನು ತಾತನನ್ನು ಅಲ್ಲಗಳೆದದ್ದನ್ನು ತಿಳಿದೂ ತಿಳಿದೂ ನೋಡಿದ್ದರು. ಊದುಬತ್ತಿ, ಕಿಟಕಿ, ಆಲೂಗಡ್ಡೆ, ಯಾವುದೂ ಯಾರನ್ನೂ ಏಮಾರಿಸಿರಲಿಲ್ಲ. ನಾಚಿಕೆ ಕತ್ತಿನವರೆಗೂ ಬಂತು. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆಯೂ ಬಂತು.

“ಗೊತ್ತಿದ್ದೂ ಆ ಮಾತಂದ್ರಾ ಸರ್? ಕುರುಬರ ಹಟ್ಟಿ ಅಂತ? ನಾನು ಪಕ್ಕದಲ್ಲೇ ಕೂತಿದ್ದೆ.”

ಶ್ರೀರಂಗರು ತಮಾಷೆಗೆ ಎಂದು ಏನೋ ಹೇಳಹೊರಟವರು ಅರ್ಧಕ್ಕೇ ನಿಲ್ಲಿಸಿದರು. ಕೈಗೆ ಮೆತ್ತಿದ ಮಣ್ಣನ್ನು ಉಜ್ಜಿಕೊಂಡರು. “ನೆನಪೇ ಆಗಲಿಲ್ಲ ಕಣಯ್ಯ” ಅಂದರು. “ನೀನು ಅಲ್ಲಿದೀಯ ಅಂತಲೇ ನೆನಪಾಗಲಿಲ್ಲ. ಆಡಬಾರದಿತ್ತು.”

ಜಯಣ್ಣ ಕಾಫಿ ಕುಡಿಯದೆ ಬಂದುಬಿಟ್ಟ. ಕುಡಿದು ಬರಬೇಕಿತ್ತೇನೋ ಎಂದು ದಾರಿಯುದ್ದಕ್ಕೂ ಯೋಚಿಸಿದ.

ಅಬೀಶ ಹಿಂದಿರುಗಲಿಲ್ಲ. ಅಲ್ಲಿ ಯಹೂದಿಗಳಿಗೂ ಅರಬ್ಬರಿಗೂ ಗಲಭೆ ಜೋರಾಗಿತ್ತು. ಅವನ ಗುತ್ತಿಗೆಯನ್ನು ಬ್ಯಾಂಕಿನವರು ಮುಂದುವರಿಸಲೂ ಇಲ್ಲ. ಜಯಣ್ಣ ಅವನಿಗೆ ಒಂದು ಕಾಗದ ಬರೆದ. ಮೂರು ಸಲ ಹರಿದು ನಾಲ್ಕನೆಯದನ್ನು ಅಂಚೆಗೆ ಹಾಕಿದ. ಆಲ್‌ವುಡ್ಲಿಯ ತೋಟದಲ್ಲಿ ನಡೆದದ್ದನ್ನೆಲ್ಲ ಅದರಲ್ಲಿ ಬರೆದಿದ್ದ, ಕ್ಷಮಿಸು ಎಂದೂ ಬರೆದಿದ್ದ.

ಉತ್ತರ ಜೂನ್ ಕೊನೆಗೆ ಬಂತು. ಅಡುಗೆಮನೆಯಲ್ಲಿ ವಸುಂಧರಾಳ ಎದುರು ಕೂತು ಜಯಣ್ಣ ಅದನ್ನು ಓದಿ ಹೇಳಿದ. ಹಬ್ಬ ಚೆನ್ನಾಗಿ ಆಯಿತು. ಬೆಟ್ಟದ ಮೇಲೆ ಚಳಿಯಿತ್ತು. ನನ್ನ ತಮ್ಮನಿಗೆ ಮದುವೆ ಗೊತ್ತಾಗಿದೆ, ಹುಡುಗಿ ಯಹೂದಿ. ನಮ್ಮ ಆಚಾರ ಕಲಿತು ನಮ್ಮಲ್ಲಿ ಸೇರುತ್ತಾಳೆ. ಅವಳ ಮನೆಯವರು ಮಾತು ಬಿಟ್ಟಿದ್ದಾರೆ, ನಮ್ಮ ಕಡೆಯ ಮುದುಕರೂ ಗೊಣಗುತ್ತಿದ್ದಾರೆ. ಡಾಕ್ಟರ್ ಲೆಸ್ಲಿ ಹೇಗೋ ವಿಳಾಸ ಪತ್ತೆ ಮಾಡಿ ಕಾಗದ ಬರೆದಿದ್ದರು. ಸಿಂಹದ ಕಥೆ ಹೇಳಿದ್ದಕ್ಕೆ ಕ್ಷಮೆ ಕೇಳಿದ್ದಾರೆ. ಅದಕ್ಕೆ ಅವರು ಕ್ಷಮೆ ಕೇಳಬೇಕಾದ್ದೇನೂ ಇರಲಿಲ್ಲ. ಮುಂದಿನ ವರ್ಷದ ಹಬ್ಬಕ್ಕೆ ನೀವಿಬ್ಬರೂ ಬರಬೇಕು.

ಅಲ್ಲಿಗೆ ನಿಲ್ಲಿಸಿ ಜಯಣ್ಣ ಕಾಗದ ಮಡಿಸಿದ.

“ಅಷ್ಟೇನಾ?” ಎಂದಳು ವಸುಂಧರಾ.

“ಅಷ್ಟೇ” ಅಂದ. ಅಂದವನು ಅವಳ ಮುಖ ನೋಡಲಾರದೆ ಕಾಗದವನ್ನು ಮತ್ತೆ ಬಿಚ್ಚಿದ. ಕೊನೆಯಲ್ಲಿ ಇನ್ನೆರಡು ಸಾಲಿದ್ದವು. ಅವನ್ನೂ ಓದಿದ, ತಡೆದು ತಡೆದು.

‘ಬೆಟ್ಟದ ದಾರಿಯಲ್ಲಿ ಮೂರು ಕಡೆ ಸೈನಿಕರು ನಿಲ್ಲಿಸಿ ನೀನು ಯಾರು ಎಂದು ಕೇಳುತ್ತಾರೆ. ಮೂರು ಕಡೆಯೂ ಒಂದೇ ಉತ್ತರ ಕೊಡಬೇಕಾಗುತ್ತದೆ, ಗೆಳೆಯ.’